ಈ ಬೇಸಿಗೆ ಫೈಲಿಗೆ ಹೋಗುವುದಿಲ್ಲ

ಹ್ಯಾಲಿಫ್ಯಾಕ್ಸ್
ಫೆಬ್ರವರಿ ೨೫, ಭಾನುವಾರ ಸಂಜೆ

ಪ್ರೀತಿಯ ಕ್ಯಾರಿಸ್,

ಹೇಗಿದ್ದೀಯಮ್ಮಾ? ಕೆಮ್ಮು ಬಿಟ್ಟಿತೇ? ಹೋದ ವಾರ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿಹೋಗಿತ್ತು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ತಮ್ಮ ಮೈಯೊಂದು ಬಿಟ್ಟು ಊರವರದ್ದೆಲ್ಲ ಕಾಣುತ್ತದೆ. ಬಿಸಿನೀರಿಗೆ ಜೇನು, ನಿಂಬೆ ಹಾಕಿ ಕುಡಿ, ನಾನು ಹೇಳಿದೆನೆಂದಾದರೂ ಕುಡಿ. ನನ್ನ ಸೊಂಟ ಚೆನ್ನಾಗಿದೆ. ಕೋಲಿಲ್ಲದೆ ಅಂಗಡಿಯವರೆಗೆ ಹೋಗಿ ಬರುತ್ತೇನೆ. ಡೆರೆಕ್ ಕೋಲು ಹಿಡಿದುಕೊಂಡು ಹಿಂದೆಯೇ ಬರುತ್ತಾನೆ, ನೋಡಿದವರು ಪಾಪ ಮುದುಕನಿಗೆ ನಡೆಯಲಾಗುತ್ತಿಲ್ಲ ಎಂದುಕೊಳ್ಳುತ್ತಾರೆ. ಮಕ್ಕಳು, ಐರಾನೂ ಜಾಂಟಿಯೂ, ಈಗಷ್ಟೇ ಹೊರಟರು. ಅವರನ್ನು ನಿನ್ನ ಬಾಗಿಲಿಗೆ ಮುಟ್ಟಿಸಲು ರಸೆಲ್ ಹೋಗಿದ್ದಾನೆ. ಅವನು ಬರುವುದರೊಳಗೆ ಬರೆದು ಮುಗಿಸಬೇಕು. ಫೋನಿನಲ್ಲಾದರೆ ನೀನೂ ನಾನೂ ಮಳೆ, ಚಳಿ ಮಾತಾಡಿ ಇಟ್ಟುಬಿಡುತ್ತೇವೆ. ನಿನ್ನನ್ನು ಒಂದು ಮಾತು ಕೇಳುವುದಿದೆ. ಕೊನೆಗೆ ಧೈರ್ಯ ಬಂದರೆ ಕೇಳುತ್ತೇನೆ.

ಇವತ್ತು ಬೇಸಿಗೆ ರಜೆಗೆ ಎಲ್ಲಿಗೆ ಎಂದು ತೀರ್ಮಾನಿಸುವ ಭಾನುವಾರ. ನಿನಗೆ ಗೊತ್ತಿಲ್ಲದ್ದೇನು, ಹದಿನಾಲ್ಕು ವರ್ಷ ನೀನೂ ಆ ಮೇಜಿನಲ್ಲಿ ಕೂತವಳು. ಹುರಿದ ದನದ ಮಾಂಸ ಒಲೆಯಿಂದ ಇಳಿಯಬೇಕು, ಯಾರ್ಕ್‌ಷೈರ್ ಪುಡ್ಡಿಂಗ್ ಉಬ್ಬಬೇಕು, ಆಮೇಲೆ ಡೆರೆಕ್ ಗಂಟಲು ಸರಿಮಾಡಿಕೊಂಡು "ಸರಿ, ಯಾರಿಗೆ ಎಲ್ಲಿ ಹೋಗ್ಬೇಕು ಹೇಳ್ರಪ್ಪ" ಎನ್ನಬೇಕು, ನಾವೆಲ್ಲ "ನಂಗೆ ಎಲ್ಲಾದ್ರೂ ಸರಿ" ಎನ್ನಬೇಕು, ಕೊನೆಗೆ ಪ್ರತಿ ವರ್ಷದಂತೆ ಪೂರ್ವದ ಕಡಲ ದಂಡೆಯ ಅದೇ ಫೈಲಿ ಎಂದಾಗಬೇಕು. ನೀನು ಮದುವೆಯಾಗಿ ಬಂದ ವರ್ಷ ಇದನ್ನು ನೋಡಿ "ಈ ಮನೇಲಿ ಯಾರಿಗೆ ಏನು ಬೇಕು ಅಂತ ತಿಳ್ಕೋಬೇಕಾದ್ರೆ ಪೊಲೀಸ್ರನ್ನೇ ಕರೆಸ್ಬೇಕು" ಎಂದಿದ್ದೆ. ನಾನು ಅಡುಗೆಮನೆಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆ ಮೇಜಿನಲ್ಲಿ ಬಾಯಿಬಿಟ್ಟು ಮಾತಾಡುತ್ತಿದ್ದವಳು ನೀನೊಬ್ಬಳೇ. ನೀನಿಲ್ಲದ ಮೊದಲ ತೀರ್ಮಾನ ಇದು. ನೀನು ಕೂರುತ್ತಿದ್ದ ಕುರ್ಚಿಯ ಮೇಲೆ ಜಾಂಟಿ ತನ್ನ ಕೋಟು ಹಾಕಿದ್ದ. ತೆಗಿ ಎಂದು ಯಾರೂ ಹೇಳಲಿಲ್ಲ.

ಈ ಸಲ ಐರಾ ಮೊದಲು ಬಾಯಿಬಿಟ್ಟಳು. ಹನ್ನೆರಡು ತುಂಬಿದ ಮೇಲೆ ನಿನ್ನ ಮಗಳ ನಾಲಿಗೆ ನಿನ್ನದೇ ಆಗಿದೆ. "ತಾತ, ಈ ವರ್ಷ ಲಾಂಡಡ್ನೊಗೆ ಹೋಗೋಣ" ಎಂದಳು. ಪಶ್ಚಿಮಕ್ಕೆ, ವೇಲ್ಸ್‌ಗೆ! ಡೆರೆಕ್‌ನ ಕೈಯಲ್ಲಿದ್ದ ಸಾಸಿವೆ ಚಮಚ ಅಲ್ಲೇ ನಿಂತಿತು. ಅವನ ವಾದ ನಿನಗೆ ಬಾಯಿಪಾಠ. "ಕಡಲು ಅಂದ್ರೆ ಸೂರ್ಯ ಹುಟ್ಟೋ ಕಡೆ ಇರ್ಬೇಕು ಮಗೂ. ಆ ಕಡೆ ಇರೋದು ಬರೀ ನೀರು" ಎಂದ. ಐರಾ ಬಿಡಲಿಲ್ಲ. ಅಲ್ಲಿ ಕಡಲ ದಂಡೆಯ ದಾರಿ ಸಪಾಟಾಗಿದೆ, ಅಜ್ಜಿಯ ಸೊಂಟಕ್ಕೆ ಒಳ್ಳೆಯದು ಎಂದಳು. ಜಾಂಟಿ ಬಾಯಿತುಂಬ ಆಲೂಗಡ್ಡೆ ಇಟ್ಟುಕೊಂಡು, ಅಲ್ಲಿ ಬೆಟ್ಟದ ಆಡುಗಳು ಊರೊಳಗೆ ಬಂದು ಜನರ ಹೂಗಿಡ ತಿನ್ನುತ್ತವಂತೆ, ಪೊಲೀಸರೂ ಏನೂ ಮಾಡುವುದಿಲ್ಲವಂತೆ ಎಂದ. ವಿಟ್ಬಿಯಾದರೂ ಆಗಬಹುದು, ಅಲ್ಲಿ ಮೀನು ಚೆನ್ನಾಗಿರುತ್ತದೆ ಎಂದು ರಸೆಲ್ ಮೆಲ್ಲಗೆ ಹೇಳಿ ನೋಡಿದ. ವಿಟ್ಬಿ ಪೂರ್ತಿ ಮೆಟ್ಟಿಲು, ಅಜ್ಜಿಯನ್ನು ನೀನು ಹೊತ್ತುಕೊಂಡು ಹತ್ತುತ್ತೀಯಾ ಎಂದು ಮಗಳು ಅಪ್ಪನ ಬಾಯಿ ಮುಚ್ಚಿಸಿದಳು. ಆಮೇಲೆ ತಟ್ಟೆಯ ಬಟಾಣಿ ಸರಿಸುತ್ತ, ಯಾರ ಮುಖವನ್ನೂ ನೋಡದೆ, "ಅಲ್ಲಿಗೆ ರೈಲೂ ಇದೆ" ಎಂದಳು.

ಕ್ಯಾರಿಸ್, ನಮ್ಮ ಮನೆ ಮುಂದೆ ಕಾರು ನಿಂತಿದೆ. ರಸೆಲ್‌ನ ಹತ್ತಿರ ಇನ್ನೊಂದಿದೆ. ಈ ಮನೆಯಲ್ಲಿ ಯಾರೂ ಕಡಲಿಗೆ ರೈಲಿನಲ್ಲಿ ಹೋದದ್ದಿಲ್ಲ. ಈ ಊರು ಬಿಟ್ಟು ಈಗ ಕ್ರೂ ಊರಿನಲ್ಲಿರುವ, ಕಾರು ಓಡಿಸಲು ಬಾರದ ಒಬ್ಬಳಿಗೆ ಮಾತ್ರ ಆ ರೈಲು ಬೇಕು. ಅದು ಎಲ್ಲರಿಗೂ ಒಟ್ಟಿಗೆ ಹೊಳೆಯಿತು. ಎಲ್ಲರೂ ಒಟ್ಟಿಗೆ ತಟ್ಟೆ ನೋಡಿದೆವು. ಬೇರೆ ಜನರಾಗಿದ್ದರೆ ನಿನ್ನ ಹೆಸರೆತ್ತಿ ಅತ್ತೋ ಜಗಳವಾಡಿಯೋ ಮುಗಿಸುತ್ತಿದ್ದರು. ನಾವು ರೈಲಿನ ಮಾತಾಡಿದೆವು. ಮೊದಲು ಎಷ್ಟು ಡಬ್ಬಿ ಇರುತ್ತಿತ್ತು, ಈಗ ಎಷ್ಟು ತಡವಾಗುತ್ತದೆ, ಚಹಾ ಮಾರುವ ಗಾಡಿ ಈಗಲೂ ಬರುತ್ತದೆಯೇ, ಇವೇ. ರಸೆಲ್ ಕಸ್ಟರ್ಡ್ ತರುತ್ತೇನೆಂದು ಒಳಗೆ ಹೋದವನು ಬೇಗ ಬರಲಿಲ್ಲ. ಇನ್ನೇನು ಡೆರೆಕ್ "ಸರಿ, ಹಾಗಾದ್ರೆ ಫೈಲಿ" ಎಂದುಬಿಡುತ್ತಾನೆ ಎಂದುಕೊಂಡೆ. ಅವನು ಕರವಸ್ತ್ರ ಮಡಚಿ, "ರೈಲು ಇದೆ ಅಂದ್ರೆ ಅನುಕೂಲವೇ. ನನ್ನ ಮಂಡಿಗೂ ಆ ಕಡೆ ನೀರು ಬೆಚ್ಚಗಿರುತ್ತೇನೋ" ಎಂದ. ಹುಟ್ಟಿದಾಗಿನಿಂದ ಮಂಡಿಯ ಮೇಲಕ್ಕೆ ಕಡಲಿಗಿಳಿಯದ ಮನುಷ್ಯ! ಊಟ ಮುಗಿದದ್ದೇ ಫೈಲಿಯಲ್ಲಿ ನಾವು ಉಳಿಯುವ ಮನೆಯ ಒಡತಿಗೆ ತಾನೇ ಫೋನು ಮಾಡಿ, ಯಾರೋ ತೀರಿಕೊಂಡ ಸುದ್ದಿ ತಿಳಿಸುವ ದನಿಯಲ್ಲಿ, ಈ ವರ್ಷ ನಾವು ಬರುವುದಿಲ್ಲ ಎಂದು ಹೇಳಿದ. ನಾನು ಅವನನ್ನು ಅವತ್ತು ಮದುವೆಯಾದದ್ದಕ್ಕೆ ಇವತ್ತು ಮತ್ತೆ ಸಂತೋಷಪಟ್ಟೆ.

ಇನ್ನು ನಾನು ಹೇಳಬೇಕಾದ್ದು. ನನ್ನ ಸೊಂಟದ ಆಪರೇಷನ್ ಆದಾಗ ನೀನು ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಬಂದು, ನೆಲಕ್ಕೆ ಕೂತು, ಆಸ್ಪತ್ರೆಯವರು ಕೊಟ್ಟ ಆ ಹಾಳು ಬಿಗಿ ಕಾಲುಚೀಲಗಳನ್ನು ನನಗೆ ಹಾಕುತ್ತಿದ್ದೆ. ನಾನು ನಾಚಿಕೆಯಿಂದ ಗೊಣಗುತ್ತಿದ್ದೆ. ನೀನು "ಬ್ರೆಂಡಾ, ನಿಮ್ಮ ಕಾಲು ನನ್ನ ಕಾಲಿಗಿಂತ ಚೆನ್ನಾಗಿದೆ, ಸುಮ್ನೆ ಚಾಚಿ" ಎನ್ನುತ್ತಿದ್ದೆ. ಆ ಹೊತ್ತಿಗೆ ನೀನೂ ರಸೆಲ್ಲೂ ಬೇರೆಯಾಗಬೇಕೆಂದು ತೀರ್ಮಾನಿಸಿ ಆಗಿತ್ತು, ನಾನು ಎದ್ದು ಓಡಾಡುವವರೆಗೆ ಹೇಳುವುದು ಬೇಡ ಎಂದು ನೀನೇ ತಡೆದಿದ್ದೆ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ದಿನ ಕಳೆದ ಮೇಲೆ. ಯಾರ ತಪ್ಪೆಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಅಂಥ ದುಃಖ ಒಳಗಿಟ್ಟುಕೊಂಡು ನನ್ನ ಕಾಲ ಬಳಿ ಕೂತು ನಗಿಸಿದವಳು ನೀನು. ಬೇರೆಯಾದ ಮೇಲೂ ಮಕ್ಕಳನ್ನು ವಾರ ಬಿಟ್ಟು ವಾರ, ಒಂದು ಸಲವೂ ನೆಪ ಹೇಳದೆ, ನಮ್ಮಲ್ಲಿಗೆ ಕಳಿಸುತ್ತೀಯ. ನನಗೆ ಇದಕ್ಕೆಲ್ಲ ಸರಿಯಾದ ಮಾತು ಬರುವುದಿಲ್ಲ. ಉಪಕಾರ ಎನ್ನುವುದು ಚಿಕ್ಕ ಮಾತು, ಆದರೂ ಅದನ್ನೇ ಹೇಳುತ್ತೇನೆ. ನಿನ್ನಿಂದ ನನಗೆ ತುಂಬಾ ಉಪಕಾರವಾಗಿದೆ, ಮಗೂ.

ಆಗಸ್ಟ್ ಮೊದಲ ವಾರಕ್ಕೆ ಲಾಂಡಡ್ನೊದಲ್ಲಿ ಒಂದು ಮನೆ ನೋಡಿದ್ದೇವೆ. ಕಡಲಿಗೆ ಹತ್ತಿರ, ರೈಲು ನಿಲ್ದಾಣಕ್ಕೂ ಹತ್ತಿರ. ನಮಗೆ ಬೇಕಾದ್ದಕ್ಕಿಂತ ಒಂದು ಕೋಣೆ ಹೆಚ್ಚಿದೆ. ಅದನ್ನು ಏನು ಮಾಡುವುದೋ ಗೊತ್ತಾಗುತ್ತಿಲ್ಲ, ಸುಮ್ಮನೆ ತಿಳಿಸಿದೆ. ಇದಕ್ಕಿಂತ ಮುಂದೆ ಬರೆಯಲು ರಸೆಲ್‌ನ ಮನಸ್ಸಿನಲ್ಲಿ ಏನಿದೆಯೆಂದು ನನಗೆ ತಿಳಿಯದು. ಅವನೂ ನನ್ನ ಮಗ, ಅವನಿಗೆ ನೋವಾಗುವಂಥದ್ದನ್ನು ಹೇಗೆ ಮಾಡಲಿ? ಮೈ ನೋಡಿಕೋ. ಮಕ್ಕಳಿಗೆ ಮುತ್ತು. ಡೆರೆಕ್ ನೆನೆಸಿಕೊಂಡನೆಂದು ಬರೆಯಬೇಕಂತೆ, ಬರೆದಿದ್ದೇನೆ.

ನಿನ್ನ,
ಬ್ರೆಂಡಾ

ತಾ.ಕ.: ರಸೆಲ್ ಈಗ ಬಂದ. ನಿನ್ನ ಬಾಗಿಲಲ್ಲಿ ಏನೋ ಹೇಳಬೇಕೆಂದು ಹೋದವನು ಮಂಜು ಬೀಳುವ ಹಾಗಿದೆ ಎಂದು ಹೇಳಿ ಬಂದನಂತೆ. ಕೋಟು ಕೂಡ ಬಿಚ್ಚದೆ ನನ್ನೆದುರು ನಿಂತು, "ಕ್ಯಾರಿಸ್‌ನ ಕರಿ ಅಮ್ಮಾ. ಕಡಲ ಕಡೆ ಕಿಟಕಿ ಇರೋ ಕೋಣೆ ಅವಳಿಗೆ ಕೊಡು. ನಾನು ಕೊನೇ ದಿನ ಬಂದು ಮಕ್ಕಳ ಜೊತೆ ಇದ್ದು ಹೋಗ್ತೀನಿ, ಅವಳಿಗೆ ಮುಜುಗರ ಆಗೋದು ಬೇಡ" ಎಂದ. ಹಾಗಾದರೆ ನಿನ್ನ ರಜೆ ಹಾಳಾಯಿತಲ್ಲೋ ಎಂದೆ. "ನಂಗೂ ಅವಳಿಗೂ ಮುಗಿದದ್ದು ನಿಜ. ನಿಂಗೂ ಅವಳಿಗೂ ಯಾಕೆ ಮುಗೀಬೇಕು? ನಿಂಗೆ ಇರೋ ಮಗಳು ಅವಳೊಬ್ಬಳೇ ಅಲ್ವಾ" ಎಂದು ಹೇಳಿ ಚಹಾಕ್ಕೆ ನೀರಿಡಲು ಹೋದ. ಬಾ, ಕ್ಯಾರಿಸ್.