ಯಾರ ದನಿ ಇದು?

ಅಮ್ಮಾ,

ಇವತ್ತು ಆನ್‌ಲೈನ್ ಗೆಳೆಯರ ಸಿನಿಮಾ ಆಟದಲ್ಲಿ ಪುಏಬ್ಲಾ ಊರಿನ ಫೌಸ್ತೋ ಒಂದು ಸ್ಪ್ಯಾನಿಷ್ ಡೈಲಾಗ್ ಕೇಳಿಸಿ, "ಯಾರ ದನಿ ಹೇಳ್ರಪ್ಪ" ಎಂದ. ನೀನು ಎಷ್ಟು ಕರೆದರೂ ನಾನು ನೋಡಲು ಕೂರದಿದ್ದ ಸಿನಿಮಾ ಅದು. ಎಲ್ಲರೂ ಹಾಲಿವುಡ್ ನಟಿಯ ಹೆಸರು ಬರೆದರು. ನಾನು ಎರ್ಲಿಂದಾ ಕಿರೋಗಾ ಎಂದು ಬರೆದೆ.

"ತಪ್ಪು! ಅದ್ಯಾರೇ, ನಯೇಲಿ?" ಎಂದ ಫೌಸ್ತೋ.

"ನಮ್ಮಮ್ಮ. ಡಬ್ಬಿಂಗ್ ಮಾಡಿದ್ದು ಅವಳೇ. ಆ ನಟಿಗೆ ಸ್ಪ್ಯಾನಿಷ್ ಒಂದಕ್ಷರಾನೂ ಬರಲ್ಲ ಕಣೋ!"

"ನನ್ನ ಉತ್ತರಪಟ್ಟಿಯಲ್ಲಿ ನಟಿ ಹೆಸರಿದೆ. ನಿಂಗೆ ಸೊನ್ನೆ."

ಸೊನ್ನೆಯಾದರೆ ಸೊನ್ನೆ. ಮುಂದಿನ ಪ್ರಶ್ನೆಗೂ ನಿನ್ನ ಹೆಸರನ್ನೇ ಬರೆದೆ. ಹಾಡಿದವರು ಯಾರೆಂದರೂ ನೀನೇ, ಖಳನಾಯಕ ಯಾರೆಂದರೂ ನೀನೇ. ಹೀನಾಯವಾಗಿ ಸೋತೆ. ಆದರೆ ನೀನು ಬದುಕಿದ್ದಾಗ ಯಾವ ಸಿನಿಮಾದ ಕೊನೆಯಲ್ಲೂ ಯಾರೂ ಹಾಕದ ನಿನ್ನ ಹೆಸರು, ಇವತ್ತು ಆಟ ಮುಗಿಯುವವರೆಗೂ ಪರದೆಯಿಂದ ಇಳಿಯಲಿಲ್ಲ.