ಜಾಕೆಟ್ ಜೇಬಿನ ಮುಡುಪು

ಜನವರಿ 9, 2024, ಮಂಗಳವಾರ

ಇವತ್ತೂ ಇಸ್ತ್ರಿಪೆಟ್ಟಿಗೆಗೆ ಮೇಣ. ಸ್ನೋಬೋರ್ಡಿನ ತಳಕ್ಕೆ ಮೇಣ ಕರಗಿಸಿ ಬಳಿಯಲು ನಿಧಿಗೆ ನನ್ನದೇ ಪೆಟ್ಟಿಗೆ ಬೇಕು. ಆಫೀಸಿನ ಶರ್ಟಿನ ಬೆನ್ನಿಗೆ ಅಂಗೈಯಗಲ ಕಲೆ. ಬೈಯೋಣ ಅಂತ ಕೆಳಗಿಳಿದರೆ ಅಪ್ಪ ಮಗಳು ಕಿಚನ್‌ನಲ್ಲಿ ಕುಣಿಯುತ್ತಿದ್ದರು. ಇಮೇಲ್ ಬಂದಿದೆ. ಫೆಬ್ರವರಿಯಲ್ಲಿ ಕೆನಡಾ. ಜೂನಿಯರ್ ಇಂಟರ್‌ನ್ಯಾಷನಲ್, ಹುಡುಗಿಯರ ಸ್ಲೋಪ್‌ಸ್ಟೈಲ್. ಮುರಳಿ ಆಗಲೇ ನಮ್ಮೂರು ಆಶ್‌ಬರ್ನಿನ ಕನ್ನಡದವರ ಗ್ರೂಪಿಗೆಲ್ಲ ಹಾಕಿಯಾಗಿತ್ತು.

ನಾನೂ ನಕ್ಕೆ. ಕಂಗ್ರಾಟ್ಸ್ ಅಂದೆ. ಶರ್ಟ್ ಬದಲಾಯಿಸಿ ಆಫೀಸಿಗೆ ಹೋದೆ.

ಮೈಸೂರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಆಟ ವಿವರಿಸಬೇಕಾಯಿತು. ಗುಡ್ಡದ ಮೇಲಿಂದ ಜಾರುತ್ತ ಬಂದು ಮೊದಲು ಕಬ್ಬಿಣದ ಕಂಬಿಗಳ ಮೇಲೆ ಬೋರ್ಡ್ ಓಡಿಸಬೇಕು, ಆಮೇಲೆ ಮನೆಯೆತ್ತರದ ಹಿಮದ ದಿಬ್ಬಗಳಿಂದ ಹಾರಿ ಗಾಳಿಯಲ್ಲೇ ಎರಡು ಸುತ್ತು ತಿರುಗಿ ಇಳಿಯಬೇಕು. ಅಮ್ಮ, ಊಟ ಸರಿಯಾಗಿ ಮಾಡ್ತಾಳಾ ಅಂತ ಕೇಳಿದಳು.

ಜನವರಿ 12, ಶುಕ್ರವಾರ

ಕಣ್ಣು ಮುಚ್ಚಿದರೆ ಹೋದ ವರ್ಷದ ಪೆನ್ಸಿಲ್ವೇನಿಯಾ. ತಲೆ ಹಿಮಕ್ಕೆ ಬಡಿದು ಬಿದ್ದವಳ ಹತ್ತಿರ ಓಡಿದ್ದೆ. ಕಣ್ಣು ಬಿಟ್ಟು ನನ್ನನ್ನು ನೋಡಿದಳು. ‘ಆಂಟಿ, ವೇರ್ ಈಸ್ ಮೈ ಮಾಮ್?’ ಅಂದಳು.

ಆಂಟಿ ಅಂದಳು. ನನ್ನ ಮಗಳು. ನನಗೆ.

ಅರ್ಧ ಗಂಟೆಯಲ್ಲಿ ಸರಿಹೋದಳು. ಡಾಕ್ಟರು ಮೂರು ತಿಂಗಳಾದ ಮೇಲೆ ಆಡಬಹುದು ಅಂದರು. ಅವಳಿಗೆ ಅದು ನೆನಪೇ ಇಲ್ಲ. ನಾನು ಮಾತ್ರ ಇನ್ನೂ ಅಲ್ಲೇ ಮಂಡಿಯೂರಿ ಕೂತಿದ್ದೇನೆ.

ಸಂಜೆ ದೀಪ ಹಚ್ಚಿ ಮುಡುಪು ಕಟ್ಟಿದೆ. ಬಿಳಿ ಬಟ್ಟೆಗೆ ಅರಿಶಿನ ಹಚ್ಚಿ ಒಣಗಿಸಿದೆ. ರೂಪಾಯಿ ನಾಣ್ಯ ಸಿಗಲಿಲ್ಲ, ಇಲ್ಲಿನ ಕಾಲು ಡಾಲರಿನ ಕ್ವಾರ್ಟರ್ ನಾಣ್ಯ ಇಟ್ಟೆ. ಕೇಳಿಕೊಂಡಿದ್ದು ಇಷ್ಟು — ನಂಜುಂಡೇಶ್ವರಾ, ಮೈಗೆ ಒಂದು ಗೀರೂ ಆಗದ ಹಾಗೆ ಅವಳನ್ನು ಸೋಲಿಸು. ಈ ಹುಚ್ಚು ಬಿಡಿಸು. ನಂಜನಗೂಡಿಗೆ ಬಂದು ನನ್ನ ಮುಡಿ ಕೊಡುತ್ತೇನೆ.

ಹೆತ್ತವಳು ಕೇಳುವ ಮಾತಾ ಇದು? ಆದರೂ ಗಂಟು ಹಾಕಿದೆ. ಬಿಗಿಯಾಗಿಯೇ ಹಾಕಿದೆ.

ಜನವರಿ 28, ಭಾನುವಾರ

ಬರೆಯಬಾರದು ಅಂತಿದ್ದೆ…

ಬೆಳಿಗ್ಗೆ ನಿಧಿ ದೇವರ ಗೂಡಿನ ಮುಂದೆ ನಿಂತಿದ್ದಳು, ಕೈಯಲ್ಲಿ ಹಳದಿ ಗಂಟು. ಬೆಂಕಿಪೊಟ್ಟಣ ಹುಡುಕುವಾಗ ಫೋಟೋ ಹಿಂದೆ ಸಿಕ್ಕಿತಂತೆ. ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ ತೋರಿಸಿದ್ದಾಳೆ. ಮಕ್ಕಳು ಗೆಲ್ಲಲಿ ಅಂತ ತಾಯಂದಿರು ಕಟ್ಟುವುದು, ನಿಮ್ಮಮ್ಮನ ಪರೀಕ್ಷೆಗೆ ನಾನೂ ಕಟ್ಟಿದ್ದೆ ಅಂತ ಅಜ್ಜಿ ಹೇಳಿಯೂ ಆಗಿದೆ.

‘ಅಮ್ಮಾ, ಇದು ನಂಗಾ? ಐ ಥಾಟ್ ಯು ಹೇಟೆಡ್ ಇಟ್. ನೀನು ಯಾವತ್ತೂ ವಿನ್ ಆಗು ಅಂತ ಹೇಳಿಲ್ಲ.’

ಕಣ್ಣಲ್ಲಿ ನೀರು. ಈ ಹುಡುಗಿ ನನ್ನ ಮುಂದೆ ಅತ್ತು ಎಷ್ಟು ವರ್ಷವಾಯಿತೋ. ತಲೆಯಾಡಿಸಿಬಿಟ್ಟೆ. ಹೌದು ಪುಟ್ಟ, ನಿಂಗೇ ಅಂದೆ. ಸುಳ್ಳೂ ಅಲ್ಲ, ನಿಜವೂ ಅಲ್ಲ… ಅಲ್ಲ, ಸುಳ್ಳೇ.

ಕೆನಡಾಗೆ ತಗೊಂಡು ಹೋಗ್ತೀನಿ ಅಂದಳು. ಹರಕೆ ತೀರುವ ತನಕ ಮುಡುಪು ದೇವರ ಮುಂದಿಂದ ಕದಲಬಾರದು ಅಂದೆ. ಆ ಗಂಟು ಅವಳ ಮೈಮೇಲಿರುವುದು ನನಗೆ ಬೇಡವಾಗಿತ್ತು. ಕೇಳಲಿಲ್ಲ. ‘ಗಾಡ್ ವಿಲ್ ಅಂಡರ್‌ಸ್ಟ್ಯಾಂಡ್’ ಅಂತ ಜಾಕೆಟ್ಟಿನ ಒಳಜೇಬಿಗೆ ಹಾಕಿ ಜಿಪ್ ಎಳೆದಳು. ಮೊನ್ನೆ ಮೊನ್ನೆಯವರೆಗೆ ಕುಂಕುಮ ಇಡೋಕೆ ಬಂದರೆ ಓಡುತ್ತಿದ್ದವಳು.

ಫೆಬ್ರವರಿ 8, ಗುರುವಾರ

ಅಪ್ಪ ಮಗಳಿಬ್ಬರನ್ನೂ ಡಲಸ್ ಏರ್‌ಪೋರ್ಟಿಗೆ ಬಿಟ್ಟು ಬಂದೆ. ನನಗೆ ಈ ವಾರ ಡೇಟಾ ಸೆಂಟರ್ ಆನ್-ಕಾಲ್ ಡ್ಯೂಟಿ, ಬರೋಕಾಗಲ್ಲ ಅಂದಿದ್ದೆ. ಆಫೀಸಿನ ಪವನನನ್ನು ಕೇಳಿದ್ದರೆ ಖಂಡಿತ ಡ್ಯೂಟಿ ಬದಲಾಯಿಸಿಕೊಳ್ಳುತ್ತಿದ್ದ. ಕೇಳಲಿಲ್ಲ.

ಫೆಬ್ರವರಿ 10, ಶನಿವಾರ, ಮಧ್ಯಾಹ್ನ

ಕ್ವಾಲಿಫೈಯಿಂಗ್, ಟೀವಿಯಲ್ಲಿ ಲೈವ್. ಎರಡು ಸಲ ಇಳಿಯಬೇಕು, ಚೆನ್ನಾಗಿ ಬಂದ ಸ್ಕೋರ್ ಲೆಕ್ಕ. ಮೊದಲ ಎಂಟು ಜನ ಫೈನಲ್ಸ್‌ಗೆ.

ಮೊದಲನೇ ಸಲ ಕಂಬಿಯಿಂದಲೇ ಜಾರಿ ಬಿದ್ದಳು. ಎದ್ದಳು. ನನಗೂ ಉಸಿರು ಬಂತು.

ಎರಡನೇ ಸಲ. ಕ್ಯಾಮೆರಾ ಹತ್ತಿರ ಹೋಯಿತು. ನಿಧಿ ಎಡಗೈಯಲ್ಲಿ ಎದೆ ಮುಟ್ಟಿಕೊಂಡಳು. ಒಳಜೇಬು. ಲಕ್ಕಿ ಚಾರ್ಮ್ ಇರಬೇಕು ಅಂತ ಕಾಮೆಂಟರಿಯವನು ನಕ್ಕ. ನಾನು ಸೋಫಾದಿಂದ ಎದ್ದು ಬೇಡ, ಬೇಡ, ವಾಪಸ್ ತಗೊಂಡೆ ಅಂತ ಟೀವಿಗೆ ಕೈಮುಗಿದೆ. ಹಾಗೆಲ್ಲ ವಾಪಸ್ ತಗೊಳ್ಳೋಕೆ ಆಗುತ್ತಾ?

ಕಂಬಿಗಳು ದಾಟಿದಳು. ಮೊದಲ ದಿಬ್ಬ, ಎರಡನೇದು. ಎಷ್ಟು ಚೆಂದ ಹಾರುತ್ತಾಳೆ. ಇಷ್ಟು ದಿನ ಕಣ್ಣು ಮುಚ್ಚಿಕೊಂಡೇ ನೋಡಿದ್ದೆ ಅನ್ನಿಸಿತು. ಕೊನೆಯದರಲ್ಲಿ ತಿರುಗಿ ಇಳಿದಾಗ ಒಂದು ಕೈ ಹಿಮಕ್ಕೆ ತಾಗಿತು. ಬರೀ ಬೆರಳು. ಅದಕ್ಕೂ ಪಾಯಿಂಟ್ ಕಳೀತಾರೆ.

ಒಂಬತ್ತನೆಯವಳು.

ಮೈಗೆ ಒಂದು ಗೀರೂ ಆಗಿಲ್ಲ. ಕೇಳಿದ ಹಾಗೆಯೇ ಕೊಟ್ಟಿದ್ದಾನೆ. ಮೊದಲು ‘ಅಬ್ಬ’ ಅನ್ನಿಸಿತು. ಬರೆದಿಡುತ್ತೇನೆ, ಮೊದಲು ಅನ್ನಿಸಿದ್ದು ಅದೇ. ಆಮೇಲೆ ಟೀವಿಯಲ್ಲಿ ಅವಳ ಮುಖ ಬಂತು.

ಅದೇ ದಿನ, ಸಂಜೆ

ಫೋನ್ ಬಂತು. ನಾನು ಬಾಯಿ ತೆರೆಯುವ ಮುಂಚೆಯೇ ಅವಳು ಸಾರಿ ಅಂದಳು.

‘ದೇವರ ಹತ್ರದಿಂದ ತೆಗೀಬೇಡ ಅಂದಿದ್ದೆ ನೀನು. ಐ ಟುಕ್ ಇಟ್ ಎನಿವೇ. ಅದಕ್ಕೇ ಅಲ್ವಾ ಅಮ್ಮ? ಐ ಬ್ರೋಕ್ ಯುವರ್ ಪ್ರೇಯರ್.’

ಇಲ್ಲ ಪುಟ್ಟ ಅಂದೆ. ಹಾಗೇನಿಲ್ಲ ಅಂದೆ. ಊಟ ಮಾಡು ಅಂತ ಹೇಳಿ ಫೋನಿಟ್ಟೆ. ಛೀ.

ಫೆಬ್ರವರಿ 11

ಮುರಳಿ ಮೆಸೇಜ್. ಇನ್ನು ಆಡಲ್ಲ ಅಂತ ಕೋಚ್‌ಗೆ ಹೇಳಿದಳಂತೆ. ಎಷ್ಟು ಹೇಳಿದರೂ ಕೇಳ್ತಿಲ್ಲ, ನೀನೇ ಮಾತಾಡು ಅಂತ ಬರೆದಿದ್ದಾರೆ.

ಎಲ್ಲ ಕೇಳಿದ ಹಾಗೆಯೇ.

ಫೆಬ್ರವರಿ 12, ಸೋಮವಾರ, ಸಂಜೆ

ಬಂದರು. ನಿಧಿ ಶೂ ಬಿಚ್ಚಿ, ಕೈಕಾಲು ತೊಳೆದು, ಸೀದಾ ದೇವರ ಗೂಡಿಗೆ ಹೋದಳು. ಜೇಬಿನಿಂದ ಗಂಟು ತೆಗೆದು ಫೋಟೋ ಮುಂದೆ ಇಟ್ಟಳು. ಹಳದಿಯೆಲ್ಲ ಬೆವರಿಗೆ ಇಳಿದು ಜಾಕೆಟ್ಟಿನ ಒಳಗೂ ಕಲೆ.

‘ಅಮ್ಮ, ಹೌ ಡು ಐ ಸೇ ಸಾರಿ ಟು ಹಿಮ್? ಕನ್ನಡದಲ್ಲಿ?’

ತಪ್ಪಾಯ್ತು ಅನ್ನು ಅಂದೆ. ಹೇಳಿಕೊಟ್ಟೆ! ನಾನೇ ಹೇಳಿಕೊಟ್ಟೆ. ಕಣ್ಣು ಮುಚ್ಚಿ, ಕೈಮುಗಿದು, ತಪ್ಪಾಯ್ಟು, ತಪ್ಪಾಯ್ಟು ಅಂದಳು. ಪಕ್ಕದಲ್ಲೇ ನಿಂತಿದ್ದೆ. ನಂಜುಂಡೇಶ್ವರ ಅವಳನ್ನು ನೋಡುತ್ತಿರಲಿಲ್ಲ ಅನ್ನಿಸಿತು.

ಅವಳು ಈಗ ಗರಾಜಿನಲ್ಲಿದ್ದಾಳೆ. ಬೋರ್ಡನ್ನು ಪಕ್ಕದ ಮನೆಯ ಯಾಮಿನಿಯ ಮಗಳಿಗೆ ಕೊಟ್ಟುಬಿಡ್ತಾಳಂತೆ, ಪೆಟ್ಟಿಗೆಗೆ ಟೇಪ್ ಅಂಟಿಸುವ ಸದ್ದು ಇಲ್ಲಿಗೆ ಕೇಳುತ್ತಿದೆ. ನಿಜ ಹೇಳಿದರೆ ಮತ್ತೆ ಹಾರುತ್ತಾಳೇನೋ. ನನ್ನ ಹತ್ತಿರ ಮಾತ್ರ ಮತ್ತೆ ಹೀಗೆ ಬರಲಿಕ್ಕಿಲ್ಲ. ಹೇಳದಿದ್ದರೆ ಇಲ್ಲೇ ಇರುತ್ತಾಳೆ, ನನ್ನ ತಪ್ಪು ಹೊತ್ತುಕೊಂಡು.

ಟೇಪಿನ ಸದ್ದು ನಿಂತಿತು. ಇಳಿದು ಹೋಗುತ್ತೇನೆ. ಏನು ಹೇಳಬೇಕು ಅಂತ ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ, ಅಲ್ಲಿ ಬಾಯಿ ಕಟ್ಟಬಾರದು.

ನಿಧಿ, ಆ ಗಂಟು ನಾನು ಕಟ್ಟಿದ್ದು ನೀನು ಸೋಲಬೇಕು ಅಂತ.