ಟವೆಲ್ ಹಾಕಿದ ಸೀಟು

ಮಹಾಮಾಯಾ,

ಇಂದು ಬೆಳಿಗ್ಗೆ ಭಾಲ್ಕಿ ಶಾಲೆಗೆ ಹೊರಟು ಬೀದರಿನಲ್ಲಿ ರೈಲು ಹತ್ತಿದವಳೇ, ಎಂಟು ವರ್ಷದ ರೂಢಿಯಂತೆ, ಕೊನೇ ಗಳಿಗೆಯಲ್ಲಿ ಓಡಿಬಂದು ಹತ್ತುವ ನಿನಗೆಂದು ಕಿಟಕಿ ಪಕ್ಕ ಟವೆಲ್ ಹಾಕಿಬಿಟ್ಟೆ. ನೀನೋ ಈಗ ಬೀದರಿನಲ್ಲೇ ಇರುವ ಚಿದ್ರಿ ಶಾಲೆಯ ಟೀಚರು, ರೈಲಿನ ಗೊಡವೆಯೇ ಇಲ್ಲ. "ವರ್ಗಾವಣೆ ಕೇಳೂದಾದ್ರ ಇಬ್ರೂ ಕೂಡೇ ಕೇಳೋಣ" ಎಂದು ನನ್ನನ್ನು ತಡೆದು, ಖಾಲಿಯಿದ್ದ ಒಂದೇ ಜಾಗಕ್ಕೆ ಗುಟ್ಟಾಗಿ ಅರ್ಜಿ ಹಾಕಿದವಳು.

"ಇಲ್ಲಿ ಯಾರರೆ ಬರ್ತಾರೇನ್ರಿ ತಾಯಿ?" ಗಂಟು ಹೊತ್ತ ಮುದುಕಿಯೊಬ್ಬಳು ಕೇಳಿದಳು.

"ಹಾಲಬರ್ಗಾದಾಗ ಹತ್ತತಾರ ಆಯಿ," ಅಂದೆ. ಯಾಕೆ ಆ ಸುಳ್ಳು ಹೇಳಿದೆನೋ!

ನಿಜಾಮರ ಕಾಲದ ಹಳಿಯ ಮೇಲೆ ರೈಲು ಇಳಿಜಾರು ಇಳಿಯಿತು. ನೀನು ಮಾತು ನಿಲ್ಲಿಸಿ ನೋಡುತ್ತಿದ್ದ ಕೆಂಪು ಕಲ್ಲಿನ ದಿಬ್ಬಗಳೆಲ್ಲ ಈ ಮಳೆಗೆ ಹಸಿರಾಗಿವೆ.

ಹಾಲಬರ್ಗಾ ಸ್ಟೇಷನ್ ಬಂತು. ಯಾರೂ ಹತ್ತಲಿಲ್ಲ. ನಾನು ಟವೆಲ್ ತೆಗೆಯಲಿಲ್ಲ. ನನ್ನ ಮಾತು ನಂಬಿದ ಆ ಮುದುಕಿ ಭಾಲ್ಕಿಯವರೆಗೂ ನಿಂತೇ ಬಂದಳು.